ರಾಜಹಂಸ ಎಂದರೆ ಬಸ್ಸಲ್ಲ, ಸ್ವಾಮಿ

ತೇವಭೂಮಿ ಪರಿಶೀಲನಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಮಗೆ ಬಸ್ಸು ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಮ್ಮ ಕಛೇರಿಯಲ್ಲಿ ಜನರು ಬರೆದ ಕಾಗದಗಳ ಮೊದಲ ಸಾಲನ್ನಷ್ಟೇ ಓದುವ ಪದ್ಧತಿ ಇದೆಯೆಂದು ಅನುಭವದಿಂದ ತಿಳಿದುಕೊಂಡಿದ್ದೇನೆ. ಸೀವುಡ್ಸ್ ಸ್ಟೇಶನ್ನಿನಿಂದ ಕೊಲ್ಲಿಯ ಕಡೆಗೆ ನಡೆದರೆ ನಮ್ಮ ಸೊಸೈಟಿಯ ಹಿಂದೆ ಒಂದು ಉಪ್ಪುನೀರಿನ ಕೆರೆ ಸಿಗುತ್ತದೆ. ಅದನ್ನು ಮಣ್ಣು ಹಾಕಿ ಮುಚ್ಚಿ, ಅಲ್ಲಿ ದೂರಪ್ರಯಾಣದ ಬಸ್ಸುಗಳ ತಂಗುದಾಣ ಕಟ್ಟಲು ತಾವು ಕಳೆದ ದೀಪಾವಳಿಯ ಹೊತ್ತಿಗೆ ಅನುಮತಿ ಕೊಟ್ಟಿದ್ದೀರಿ. ‘ಸ್ಥಳೀಯ ಕನ್ನಡ ಭಾಷಿಕ ನಾಗರಿಕರ ಲಿಖಿತ ಬೇಡಿಕೆಯನ್ನು ಸಹಾನುಭೂತಿಯಿಂದ ಪರಿಗಣಿಸಿ’ ಎಂಬ ಮಾತು ಆ ಆದೇಶದಲ್ಲಿದೆ. ಆ ಬೇಡಿಕೆಯನ್ನು ಬರೆದವಳು ನಾನು. ಅದರಲ್ಲಿ ಬಸ್ಸಿನ ಸುದ್ದಿಯೇ ಇರಲಿಲ್ಲ. ಕೆರೆಗೆ ಬರುವ ಹಕ್ಕಿಗಳನ್ನು ಉಳಿಸಿ ಎಂದು ನಾವು ಕೇಳಿದ್ದೆವು. ತಾವು ಹಕ್ಕಿಗಳ ಜಾಗವನ್ನು ತೆಗೆದು ಬಸ್ಸಿಗೆ ಕೊಟ್ಟು, ಅದಕ್ಕೆ ನಮ್ಮದೇ ಸಹಿಯನ್ನು ಆಧಾರವಾಗಿ ತೋರಿಸಿದ್ದೀರಿ.

ಇದನ್ನು ತಿದ್ದಿ ಎಂದು ತಮಗೆ ಮರಾಠಿಯಲ್ಲಿ ಬರೆದೆ, ಇಂಗ್ಲಿಷಿನಲ್ಲಿ ಬರೆದೆ. ಉತ್ತರ ಬರಲಿಲ್ಲ. ಈಗ ಪತ್ರಿಕೆಯ ಮೂಲಕ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕನ್ನಡವನ್ನು ತರ್ಜುಮೆ ಮಾಡುವ ವ್ಯವಸ್ಥೆ ತಮ್ಮಲ್ಲಿ ಎಷ್ಟು ಚುರುಕಾಗಿದೆ ಎಂಬುದನ್ನು ಕಂಡವಳು ನಾನು. ಅದೂ ಅಲ್ಲದೆ, ಏನಕ್ಕೆ ಸಹಿ ಹಾಕಿದೆವು, ಅದು ಏನಾಯಿತು ಎಂಬುದನ್ನು ಸಹಿ ಹಾಕಿದವರೂ ಓದಬೇಕು.

ನನ್ನ ಪರಿಚಯ ಹೇಳುತ್ತೇನೆ. ಹೆಸರು ಪ್ರಫುಲ್ಲಾ. ಮುನಿಸಿಪಾಲಿಟಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಮಕ್ಕಳಿಗೆ ಒತ್ತಕ್ಷರ ತಿದ್ದಿಸುತ್ತ ನಿವೃತ್ತಳಾದವಳು. ನನ್ನ ಹಿಂದೆಯೇ ಆ ಶಾಲೆಯೂ ಮುಚ್ಚಿತು, ಅದು ಬೇರೆ ಕತೆ. ಗಂಡ ಧರ್ಮಪಾಲ ಮಹಾಪೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕ್ಯಾಂಟೀನು ನಡೆಸುತ್ತಾರೆ. ಮಗಳು ಶ್ರದ್ಧಾ ಕಾಲೇಜಿನಲ್ಲಿದ್ದಾಳೆ. ನಾನು ಕನ್ನಡದಲ್ಲಿ ಬೈದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಊರು ಕಾಪುವಿನ ಹತ್ತಿರ. ಸಮುದ್ರದ ದಂಡೆಯಲ್ಲಿ ಹುಟ್ಟಿದವಳಿಗೆ ಉಬ್ಬರ ಇಳಿತ ಯಾವುದೆಂದು ಯಾರೂ ಪಾಠ ಮಾಡಬೇಕಾಗಿಲ್ಲ. ಆದರೆ ತಮ್ಮ ವರದಿಯನ್ನು ಓದಿದ ಮೇಲೆ, ತಮಗೆ ಯಾರಾದರೂ ಮಾಡಬೇಕಿತ್ತು ಅನ್ನಿಸಿದೆ.

ಠಾಣೆಯ ಕೊಲ್ಲಿಗೆ ಚಳಿಗಾಲದಲ್ಲಿ ಸಾವಿರಾರು ರಾಜಹಂಸಗಳು ಬರುತ್ತವೆ. ಪೇಪರಿನವರು ಫ್ಲೆಮಿಂಗೋ ಅನ್ನುತ್ತಾರೆ. ಇಳಿತದ ಹೊತ್ತಿನಲ್ಲಿ ಕೊಲ್ಲಿಯ ಕೆಸರು ತೆರೆದಿರುತ್ತದೆ, ಅಲ್ಲಿ ತಲೆಕೆಳಗು ಮಾಡಿಕೊಂಡು ಮೇಯುತ್ತವೆ. ಉಬ್ಬರ ಬಂದಾಗ ಆ ಕೆಸರೆಲ್ಲ ಮುಳುಗಿಹೋಗುತ್ತದೆ. ಆಗ ಅವು ಎಲ್ಲಿಗೆ ಹೋಗಬೇಕು? ಇಡೀ ಹೊತ್ತು ರೆಕ್ಕೆ ಬಡಿಯುತ್ತ ಗಾಳಿಯಲ್ಲಿ ಇರಲು ಸಾಧ್ಯವೇ? ಕಾಲೂರಿ ನಿಲ್ಲುವಷ್ಟು ತೆಳ್ಳಗೆ ನೀರಿರುವ ಜಾಗ ಬೇಕು. ನಮ್ಮ ಹಿಂದಿನ ಕೆರೆ ಅಂಥದ್ದು. ರಸ್ತೆಯಡಿಯ ದೊಡ್ಡ ಪೈಪುಗಳಲ್ಲಿ ಕೊಲ್ಲಿಯ ನೀರು ಒಳಗೆ ಬಂದು ಹೊರಗೆ ಹೋಗುತ್ತಿತ್ತು. ನಾವು ಊರಿನ ಅಭ್ಯಾಸದಲ್ಲಿ ಅದನ್ನು ಅಳಿವೆ ಬಾಯಿ ಎಂದು ಕರೆಯುತ್ತಿದ್ದೆವು. ನೀರಿನ ಜೊತೆಗೆ ಸಿಗಡಿ ಮರಿ, ಏಡಿ, ಸಣ್ಣ ಮೀನು ಬರುತ್ತಿದ್ದವು. ಅಂಚಿನಲ್ಲಿ ಉಪ್ಪುಕೆಸರಿನಲ್ಲೇ ಬೇರೂರುವ ಕಾಂಡ್ಲಾ ಗಿಡಗಳು, ಗಿಡಗಳ ಒಳಗೆ ನರಿ. ಉಬ್ಬರದ ಹೊತ್ತಿಗೆ ನಮ್ಮ ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಹಕ್ಕಿಗಳು ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತಿದ್ದವು. ಹೆಚ್ಚಿನವು ಒಂದೇ ಕಾಲಿನಲ್ಲಿ. ನಾನು ಒಗ್ಗರಣೆ ಹಾಕುತ್ತ ಎಷ್ಟೋ ವರ್ಷ ಅವನ್ನು ನೋಡಿದ್ದೇನೆ.

ಎರಡು ವರ್ಷದ ಹಿಂದೆ ರಸ್ತೆ ರಿಪೇರಿ ಎಂದು ಅಳಿವೆ ಬಾಯಿಯನ್ನು ಮಣ್ಣಿನಿಂದ ಮುಚ್ಚಲಾಯಿತು. ರಿಪೇರಿ ಮುಗಿಯಿತು, ಮಣ್ಣು ಅಲ್ಲಿಯೇ ಉಳಿಯಿತು. ಮರೆತರೋ, ಮರೆತಂತೆ ಮಾಡಿದರೋ, ದೇವರಿಗೇ ಗೊತ್ತು. ಮೊದಲ ಬೇಸಿಗೆಯಲ್ಲಿ ನೀರು ಇಂಗುತ್ತ ಬಂದು ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲಿದವು. ಆ ವಾಸನೆಗೆ ನಮ್ಮ ಸೊಸೈಟಿಯವರು ಮುನಿಸಿಪಾಲಿಟಿಗೆ ದೂರು ಕೊಟ್ಟರು. ಪಾಪ, ಅವರು ವಾಸನೆಯನ್ನು ತೆಗೆಯಿರಿ ಎಂದು ಕೇಳಿದ್ದು. ಆ ದೂರನ್ನೂ ತಾವು ‘ಕೆರೆಯಿಂದ ನಾಗರಿಕರಿಗೆ ಉಪದ್ರವ’ ಎಂದು ದಾಖಲೆ ಮಾಡಿಕೊಂಡಿದ್ದೀರಿ. ನಮ್ಮ ಬಾಯಿಂದ ಬಂದ ಮಾತೆಲ್ಲವೂ ತಮ್ಮ ಕಛೇರಿಯ ಹೊಸ್ತಿಲು ದಾಟುವಾಗ ತಿರುಗಿಕೊಳ್ಳುತ್ತದೆ. ಇದು ಅಭ್ಯಾಸದಿಂದ ಬಂದ ವಿದ್ಯೆಯೇ ಇರಬೇಕು.

ಇನ್ನು ತಮ್ಮ ಸಮೀಕ್ಷೆಯ ವಿಷಯ. ತಮ್ಮ ತಜ್ಞರು ಹಕ್ಕಿಗಳನ್ನು ಎಣಿಸಲು ಜುಲೈ ತಿಂಗಳಲ್ಲಿ ಬಂದರು. ಧಾರಾಕಾರ ಮಳೆ. ಜೀಪಿನಿಂದ ಇಳಿದವರು ಕೊಡೆ ಬಿಡಿಸಿ ಅತ್ತಿತ್ತ ನೋಡಿದರು. ಫೋಟೋ ತೆಗೆದರು. ‘ಸದರಿ ಸ್ಥಳವು ಮಳೆನೀರು ನಿಂತ ತಗ್ಗು ಪ್ರದೇಶವಾಗಿದ್ದು, ವಲಸೆ ಹಕ್ಕಿಗಳು ಯಾವುವೂ ಕಂಡುಬಂದಿಲ್ಲ’ ಎಂದು ಬರೆದರು. ಕಂಡುಬರುವುದು ಹೇಗೆ? ಚಳಿಗಾಲಕ್ಕೆ ಬರುವ ಹಕ್ಕಿ ಮಳೆಗಾಲದಲ್ಲಿ ಇರುತ್ತದೆಯೇ? ಇಷ್ಟು ತಿಳಿಯದವರನ್ನು ತಜ್ಞರು ಎನ್ನುತ್ತಾರೆಯೇ? ಅಥವಾ ಇಷ್ಟು ಚೆನ್ನಾಗಿ ತಿಳಿದಿದ್ದರಿಂದಲೇ ಜುಲೈ ತಿಂಗಳನ್ನು ಆರಿಸಿಕೊಂಡರೇ? ಎರಡರಲ್ಲಿ ಯಾವುದು ಹೌದೆಂದರೂ ತಮಗೆ ಮರ್ಯಾದೆಯಲ್ಲ.

ಮೇ ತಿಂಗಳಲ್ಲಿ ನವಿ ಮುಂಬಯಿಯಲ್ಲಿ ನಮ್ಮ ಜನರ ಮನೆಗಳ ಬಾಗಿಲು ಬಡಿದು ನೋಡಿ. ಹತ್ತರಲ್ಲಿ ಏಳಕ್ಕೆ ಬೀಗ. ಮಕ್ಕಳಿಗೆ ರಜೆ, ಊರಿನಲ್ಲಿ ಮದುವೆ, ಭೂತಕೋಲ, ಮಾವಿನಹಣ್ಣು. ಬೀಗ ಕಂಡು ‘ಇಲ್ಲಿ ಕನ್ನಡದವರು ಯಾರೂ ವಾಸವಿಲ್ಲ’ ಎಂದು ಬರೆದರೆ ನ್ಯಾಯವೇ? ಇದನ್ನು ನಾನು ವಾದಕ್ಕಾಗಿ ಹೇಳುತ್ತಿಲ್ಲ. ಧರ್ಮಪಾಲರ ತಮ್ಮ ಹರಿಶ್ಚಂದ್ರ ಮುಂಬ್ರಾದ ಗುಡ್ಡದ ಬದಿಯ ಚಾಳಿನಲ್ಲಿದ್ದ. ನಾವೂ ಮೊದಲು ಅಲ್ಲಿಯೇ ಇದ್ದೆವು, ನಾವು ಸೀವುಡ್ಸಿಗೆ ಬಂದ ಮೇಲೂ ಅವನು ಅಲ್ಲಿಯೇ ಉಳಿದ. ಎರಡು ಸಾವಿರದ ಏಳನೇ ಇಸವಿಯ ಮೇ ತಿಂಗಳಲ್ಲಿ ರಸ್ತೆ ಅಗಲ ಮಾಡಲು ಖೋಲಿಗಳ ಸರ್ವೆ ನಡೆಯಿತು. ಹರಿಶ್ಚಂದ್ರನ ಮನೆಯವರು ತಂಗಿಯ ಮದುವೆಗೆ ಊರಿಗೆ ಹೋಗಿದ್ದರು. ಸರ್ವೆಯವನು ಬೀಗ ನೋಡಿ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಗೀಟು ಹಾಕಿ ಹೋದ. ಜೂನ್ ತಿಂಗಳಲ್ಲಿ ಹಲಸಿನ ಹಪ್ಪಳದ ಡಬ್ಬ ಹಿಡಿದುಕೊಂಡು ಬಂದವರಿಗೆ ತಾವು ಅಲ್ಲಿ ವಾಸವಿಲ್ಲ ಎಂಬ ಸಂಗತಿ ತಿಳಿಯಿತು. ಪಕ್ಕದ ಖೋಲಿಯವರಿಗೆ ಬದಲಿ ಮನೆ ಸಿಕ್ಕಿತು, ಇವನಿಗೆ ಸಿಗಲಿಲ್ಲ. ಈಗಲೂ ಕಲ್ಯಾಣದಲ್ಲಿ ಬಾಡಿಗೆಗೆ ಇದ್ದಾನೆ. ತಮ್ಮ ಜುಲೈ ಸಮೀಕ್ಷೆಯನ್ನು ಓದಿ ಹೇಳಿದಾಗ ಅವನು, "ಅತ್ತಿಗೆ, ಅದೇ ಸರ್ವೆಯವ ಪ್ರಮೋಶನ್ ಆಗಿ ಬಂದಿದ್ದಾನೋ ಏನೋ ನೋಡಿ" ಎಂದ.

ವರದಿಯ ಇನ್ನೊಂದು ವಾಕ್ಯ ನನಗೆ ಬಾಯಿಪಾಠವಾಗಿದೆ. ‘ಈ ಪಕ್ಷಿಗಳು ಇಲ್ಲಿ ಗೂಡು ಕಟ್ಟಿ ಮರಿ ಮಾಡುವುದಿಲ್ಲವಾದ್ದರಿಂದ ಇವುಗಳನ್ನು ಸ್ಥಳೀಯ ಜೀವಿಗಳೆಂದು ಪರಿಗಣಿಸಲಾಗದು.’ ಇದನ್ನು ಬರೆದ ಮಹಾನುಭಾವರು ಯಾರು? ಗೂಡು ಒಂದು ಕಡೆ, ಹೊಟ್ಟೆಪಾಡು ಇನ್ನೊಂದು ಕಡೆ ಇರುವವರು ಯಾರೂ ಎಲ್ಲಿಯೂ ಸೇರಿದವರಲ್ಲವೆಂದರೆ, ಈ ಊರಿನಲ್ಲಿ ಯಾರು ಉಳಿಯುತ್ತಾರೆ? ಉಡುಪಿಯವರು, ಸಾತಾರಾದವರು, ಬಿಹಾರದವರು, ಯಾರಿಗೆ ಇದು ಮೂಲಸ್ಥಾನ? ರಾಜಹಂಸದ ಮರಿ ಹುಟ್ಟುವಾಗ ಬೂದಿ ಬಣ್ಣದ್ದು. ಗುಲಾಬಿ ಬಣ್ಣ ತಿಂದದ್ದರಿಂದ ಬರುತ್ತದೆ, ನೀರಿನ ಪಾಚಿಯಿಂದ, ಸಿಗಡಿಯಂಥ ಸಣ್ಣ ಜೀವಿಗಳಿಂದ. ಅವು ತಿಂಗಳುಗಟ್ಟಲೆ ನಮ್ಮ ಕೊಲ್ಲಿಯ ಕೆಸರನ್ನೇ ಉಣ್ಣುತ್ತವೆ. ಆ ಬಣ್ಣದಲ್ಲಿ ಈ ಊರಿನ ಪಾಲೂ ಇದೆ. ಮೈತುಂಬ ಈ ನೆಲದ ಅನ್ನ ತುಂಬಿಕೊಂಡವರನ್ನು ಹೊರಗಿನವರು ಅನ್ನಬಾರದು. ಹಕ್ಕಿಯಾದರೂ ಅಷ್ಟೇ, ಮನುಷ್ಯರಾದರೂ ಅಷ್ಟೇ.

ಈಗ ಸಹಿಯ ಪ್ರಸಂಗಕ್ಕೆ ಬರುತ್ತೇನೆ. ಸಮೀಕ್ಷೆಯ ನಂತರ, ಕೆರೆ ಮುಚ್ಚುವುದಕ್ಕೆ ಆಕ್ಷೇಪಣೆಗಳಿದ್ದರೆ ಕೊಡಿ ಎಂದು ತಾವು ಪ್ರಕಟಣೆ ಹೊರಡಿಸಿದಿರಿ. ಆಗ ಆಟಿ, ನಮ್ಮ ತುಳುವರ ಆಷಾಢದ ಮಳೆ ತಿಂಗಳು. ನಮ್ಮ ಕನ್ನಡ ಸಂಘದಲ್ಲಿ ಆಟಿಯ ಒಂದು ದಿನ ಎಂದು ಕಾರ್ಯಕ್ರಮವಿತ್ತು. ಪತ್ರೊಡೆ, ಕಣಿಲೆ ಪಲ್ಯ, ಹಲಸಿನ ಬೀಜದ ಸಾರು ಇದ್ದ ಮೇಲೆ ಜನ ಕೇಳಬೇಕೇ? ಸಹಿ ಸಂಗ್ರಹಕ್ಕೆ ಇದಕ್ಕಿಂತ ಒಳ್ಳೆಯ ದಿನವಿಲ್ಲ ಎಂದುಕೊಂಡು ಹಿಂದಿನ ದಿನ ಕಾಗದ ಬರೆಯಲು ಕುಳಿತೆ. ಶ್ರದ್ಧಾ ಹಿಂದಿನಿಂದ ಬಗ್ಗಿ ನೋಡಿ, "ಅಮ್ಮಾ, ಫ್ಲೆಮಿಂಗೋ ಲಿಖೋ ನಾ, ಸಬ್ ಸಮಝೇಂಗೆ" ಎಂದಳು. ಹಾಗೆ ಬರೆದರೆ ಎಲ್ಲರಿಗೂ ತಿಳಿಯುತ್ತದೆ, ಎಂದು. ಕನ್ನಡ ಸಂಘದ ಕಾಗದದಲ್ಲಿ ಕನ್ನಡದ ಶಬ್ದವೇ ಇರಲಿ ಎಂದು ಅವಳ ಬಾಯಿ ಮುಚ್ಚಿಸಿದೆ. ದೊಡ್ಡ ಅಕ್ಷರದಲ್ಲಿ ತಲೆಬರಹ ಬರೆದೆ: ‘ರಾಜಹಂಸ ನಮ್ಮಲ್ಲಿಯೇ ನಿಲ್ಲಬೇಕು.’ ಹಕ್ಕಿಗೆ ಬೇಕಾದದ್ದು ನಿಲ್ಲುವ ಜಾಗ ತಾನೆ? ಹಾಗಾಗಿ ನಿಲ್ಲಬೇಕು ಎಂದೇ ಬರೆದೆ. ಅದರ ಕೆಳಗೆ ಕೆರೆ, ಉಬ್ಬರ, ಅಳಿವೆ ಬಾಯಿ ಎಲ್ಲವನ್ನೂ ಒಂದು ಪುಟದಲ್ಲಿ ವಿವರಿಸಿದೆ. ನನ್ನ ಕಾಗುಣಿತದಲ್ಲಿ ಒಂದು ತಪ್ಪಿಲ್ಲ.

ಆದರೆ ನಮ್ಮ ಕರಾವಳಿಯವರಿಗೆ ರಾಜಹಂಸ ಎಂದರೇನು ಸ್ವಾಮಿ? ಕರ್ನಾಟಕದ ಸರಕಾರಿ ಬಸ್ಸಿಗೆ ಆ ಹೆಸರು ಬಿದ್ದ ಮೇಲೆ, ಊರಿಗೆ ಹೋಗುವ ಹಿಂದಕ್ಕೆ ಬಾಗುವ ಸೀಟಿನ ಬಸ್ಸೆಲ್ಲ, ಯಾವ ಕಂಪೆನಿಯದ್ದೇ ಇರಲಿ, ನಮ್ಮ ಹಿರಿಯರ ಬಾಯಲ್ಲಿ ರಾಜಹಂಸ. "ಯಾವುದರಲ್ಲಿ ಬಂದಿರಿ?" "ರಾಜಹಂಸದಲ್ಲಿ ಮಾರಾಯ್ರೆ, ಬೆನ್ನಿಗೆ ಒಳ್ಳೆ ಸುಖ ಉಂಟು." ಈ ಮಾತನ್ನು ನನ್ನ ಮನೆಯಲ್ಲಿಯೇ ನೂರು ಸಲ ಆಡಿದ್ದಾರೆ. ಆ ಬಸ್ಸುಗಳು ನಮ್ಮಲ್ಲಿ ನಿಲ್ಲದೆ ಹೆದ್ದಾರಿಯಲ್ಲಿಯೇ ಹೋಗಿಬಿಡುತ್ತವೆ ಎಂಬ ಸಿಟ್ಟು ಬೇರೆ ಇತ್ತು. ಪತ್ರೊಡೆಯ ಕೈ ಒರೆಸಿಕೊಂಡು ಬಂದವರು ತಲೆಬರಹ ಓದಿದರು, "ಒಳ್ಳೆ ಕೆಲಸ ಟೀಚರೇ" ಎಂದು ಹೇಳಿ ಸಹಿ ಹಾಕಿದರು. ಇನ್ನೂರಕ್ಕೂ ಹೆಚ್ಚು ಸಹಿ ಬಿತ್ತು. ನಮ್ಮವರಿಗೆ ಇಷ್ಟೊಂದು ಹಕ್ಕಿಪ್ರೀತಿ ಇದೆಯಲ್ಲ ಎಂದು ನನ್ನ ಕಣ್ಣು ತುಂಬಿ ಬಂತು. ಕೆಲವರು ಸಹಿಯ ಪಕ್ಕದಲ್ಲಿ ಸೂಚನೆಗಳನ್ನೂ ಬರೆದಿದ್ದರು. ಸಂಭ್ರಮದಲ್ಲಿ ಅವನ್ನು ನಾನು ಓದಲಿಲ್ಲ. ತಮ್ಮ ಕಛೇರಿಯವರು ಓದಿದರು. ‘ಜುಯಿನಗರದಲ್ಲಿಯೂ ನಿಲ್ಲಲಿ.’ ‘ಏ.ಸಿ. ಇದ್ದರೆ ಉತ್ತಮ.’ ‘ಹೆಂಗಸರಿಗೆ ಮುಂದಿನ ಸೀಟು ಕೊಡಬೇಕು.’

ವಿಚಾರಣೆಯ ದಿನ ತಮಗೆ ನೆನಪಿರಬಹುದು. ಮೇಜಿನ ಆ ಕಡೆ ತಾವು, ಈ ಕಡೆ ನಾನು, ನನ್ನ ಹಿಂದೆ ಸಂಘದವರು. ಎಲ್ಲರಿಗಿಂತ ಮುಂದೆ ಗುರುವಪ್ಪಣ್ಣ. ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಮುದುಕರಾದವರು, ಮಂಡಿನೋವು, ಕೈಯಲ್ಲಿ ಕೊಡೆ. ನಾನು ಉಬ್ಬರ ಇಳಿತ ಎಂದು ಶುರುಮಾಡಿದೆ ಅಷ್ಟೆ. ಅವರು ಎದ್ದು ನಿಂತು, "ಸಾಬ್, ಮೈ ಸತ್ತರ್ ಕೆ ಊಪರ್ ಹೋ ಗಯಾ. ಗಾಂವ್ ಜಾನೇ ಕೋ ಪನ್ವೇಲ್ ತಕ್ ಬ್ಯಾಗ್ ಉಠಾಕೆ ಜಾನಾ ಪಡತಾ ಹೈ. ರಾಜಹಂಸ ಇಧರೀಚ್ ರುಕ್‌ನಾ ಮಂಗ್ತಾ" ಎಂದರು. ಎಪ್ಪತ್ತು ದಾಟಿತು, ಊರಿಗೆ ಹೋಗಲು ಪನ್ವೇಲ್ ತನಕ ಬ್ಯಾಗು ಹೊರಬೇಕು, ರಾಜಹಂಸ ಇಲ್ಲಿಯೇ ನಿಲ್ಲಬೇಕು, ಎಂದು. ಹಿಂದಿನಿಂದ ನಾಲ್ಕಾರು ಮಂದಿ ಹೌದು ಹೌದು ಎಂದರು. ನನಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಅರ್ಥವಾದಾಗ ನೆಲ ಬಿರಿಯಬಾರದೇ ಅನ್ನಿಸಿತು.

ನಾನು ಎದ್ದು, ಇದು ಹಕ್ಕಿಯ ವಿಷಯ, ಶಬ್ದದಿಂದ ಗೊಂದಲವಾಗಿದೆ, ರಾಜಹಂಸ ಎಂದರೆ ಫ್ಲೆಮಿಂಗೋ ಎಂದು ವಿವರಿಸಿದೆ. ತಾವು ನಕ್ಕಿರಿ. "ರಾಜಹಂಸ್? ಮ್ಯಾಡಮ್, ಫ್ಲೆಮಿಂಗೋಲಾ ಮರಾಠೀತ್ ರೋಹಿತ್ ಮ್ಹಣತಾತ್. ರಾಜಹಂಸ್ ವೇಗಳಾ ಪಕ್ಷಿ. ತೋ ಇಥೇ ಯೇತಚ್ ನಾಹೀ" ಎಂದಿರಿ. ಮರಾಠಿಯಲ್ಲಿ ಫ್ಲೆಮಿಂಗೋಗೆ ರೋಹಿತ ಎಂದು ಹೆಸರು, ರಾಜಹಂಸವೆಂದರೆ ಬೇರೆಯೇ ಹಕ್ಕಿ, ಅದು ಇಲ್ಲಿಗೆ ಬರುವುದೇ ಇಲ್ಲ ಎಂದು ತಮ್ಮ ಮಾತಿನ ಅರ್ಥ. ಕನ್ನಡದಲ್ಲಿ ಬಸ್ಸು, ಮರಾಠಿಯಲ್ಲಿ ಇಲ್ಲದ ಹಕ್ಕಿ, ಅಂತೂ ನಮ್ಮ ಆಕ್ಷೇಪಣೆಗೆ ಕಾಲೂರಲು ಎಲ್ಲಿಯೂ ಜಾಗ ಸಿಗಲಿಲ್ಲ. ತಮ್ಮ ಅಕ್ಕಪಕ್ಕ ಕೂತವರೂ ನಕ್ಕರು. ಸ್ವಾಮಿ, ನನಗೆ ಒಂದೇ ಪ್ರಶ್ನೆ. ಫ್ಲೆಮಿಂಗೋದ ಮರಾಠಿ ಹೆಸರು ಅಷ್ಟು ಖಚಿತವಾಗಿ ಗೊತ್ತಿದ್ದವರಿಗೆ, ನಾನು ಯಾವ ಹಕ್ಕಿಯ ಮಾತಾಡುತ್ತಿದ್ದೇನೆಂದು ಗೊತ್ತಾಗಲಿಲ್ಲವೇ? ಗೊತ್ತಾಗಿತ್ತು. ನಗುತ್ತಿದ್ದ ತಮ್ಮ ಮುಖವನ್ನು ನಾನು ನೋಡಿದ್ದೇನೆ. ಮಕ್ಕಳು ಪಾಠ ಗೊತ್ತಿದ್ದೂ ಗೊತ್ತಿಲ್ಲವೆಂದು ನಟಿಸುವಾಗ ಹೇಗಿರುತ್ತಾರೆ ಎಂಬುದನ್ನು ಜೀವಮಾನವಿಡೀ ನೋಡಿದವಳು ನಾನು.

ಆಮೇಲೆ ಆದೇಶ ಬಂತು. ಹಕ್ಕಿಯ ಪರವಾಗಿ ಆಕ್ಷೇಪಣೆಗಳು ‘ಶೂನ್ಯ’. ಬಸ್ಸು ತಂಗುದಾಣದ ಪರವಾಗಿ ನಮ್ಮ ಇನ್ನೂರು ಚಿಲ್ಲರೆ ಸಹಿ. ಕೆರೆ ಮುಚ್ಚಬೇಕೆಂದು ಕಾಯುತ್ತಿದ್ದವರಿಗೆ ಒಂದು ನೆಪ ಬೇಕಿತ್ತು. ಕೆರೆ ಉಳಿಯಲಿ ಎಂದು ಹೋದ ನಾವೇ ಅದನ್ನು ತಟ್ಟೆಯಲ್ಲಿಟ್ಟು ಕೊಟ್ಟಂತಾಯಿತು. ಮನೆಯಲ್ಲಿ ಧರ್ಮಪಾಲರು, "ನಿನ್ನ ಶಬ್ದದ್ದು ತಪ್ಪಲ್ಲ, ಬಿಡು. ಅವರಿಗೆ ಬೇಕಾದ್ದು ಅವರು ಓದಿದ್ದಾರೆ. ನೀನು ಫ್ಲೆಮಿಂಗೋ ಅಂತ ಬರೆದಿದ್ದರೆ ಅದು ಯಾವುದೋ ಬಾರಿನ ಹೆಸರು ಅಂತಿದ್ರು" ಎಂದರು. ಸಮಾಧಾನಕ್ಕೆ ಹೇಳಿದ್ದು. ನನಗೆ ಸಮಾಧಾನವಾಗಲಿಲ್ಲ.

ನವೆಂಬರಿನಲ್ಲಿ ಹಕ್ಕಿಗಳು ಬಂದವು. ತಮ್ಮ ಆದೇಶ ಅವುಗಳಿಗೆ ತಲುಪಿರಲಿಲ್ಲ. ಮಳೆನೀರು ಬತ್ತಿ, ಅಳಿವೆ ಬಾಯಿ ಮುಚ್ಚಿದ್ದರಿಂದ ಕೊಲ್ಲಿಯ ನೀರೂ ಬಾರದೆ, ಕೆರೆಯ ತಳ ಬಿರುಕು ಬಿಟ್ಟಿತ್ತು. ಉಬ್ಬರದ ಹೊತ್ತಿಗೆ ಹಿಂಡು ಬರುತ್ತಿತ್ತು, ಕೆರೆಯ ಮೇಲೆ ಸುತ್ತುತ್ತಿತ್ತು, ಇಳಿಯಲು ನೋಡಿ ಮೇಲೇಳುತ್ತಿತ್ತು, ಮತ್ತೆ ಸುತ್ತುತ್ತಿತ್ತು. ಅಡುಗೆಮನೆಯ ಕಿಟಕಿ ಮುಚ್ಚಿಟ್ಟುಕೊಂಡು ಕೆಲಸ ಮಾಡಲು ಕಲಿತೆ. ನೋಡಲು ಆಗುತ್ತಿರಲಿಲ್ಲ.

ಜನವರಿಯ ಒಂದು ಬೆಳಿಗ್ಗೆ ನಮ್ಮ ವಾಚ್‌ಮನ್ ಬೆಲ್ ಒತ್ತಿ ಕರೆದ. ಸೊಸೈಟಿಯ ಗೇಟಿನ ಮುಂದಿನ ರಸ್ತೆಯಲ್ಲಿ ಒಂದು ರಾಜಹಂಸ ನಿಂತಿತ್ತು. ಮರಿ ದಾಟಿ ಇನ್ನೂ ಹಕ್ಕಿಯಾಗದ ವಯಸ್ಸು, ಬೂದಿ ಮೈಯಲ್ಲಿ ಅಲ್ಲಲ್ಲಿ ಮಾತ್ರ ಗುಲಾಬಿ. ಇಬ್ಬನಿಗೆ ಒದ್ದೆಯಾಗಿ ಹೊಳೆಯುವ ಡಾಂಬರನ್ನು ನೀರೆಂದು ತಿಳಿದು ಇಳಿದಿರಬೇಕು. ಒಂದು ರೆಕ್ಕೆ ಜೋತುಬಿದ್ದಿತ್ತು. ಸುತ್ತ ಜನ ಸೇರಿ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದರು. ಅದು ಅಲುಗಲಿಲ್ಲ. ರಿಕ್ಷಾದವರು ಹಾರ್ನ್ ಹೊಡೆದರೂ ಅಲುಗಲಿಲ್ಲ. ಶ್ರದ್ಧಾ ತನ್ನ ದುಪಟ್ಟಾ ಹೊದಿಸಿ ಎತ್ತಿಕೊಂಡಳು. ಅಷ್ಟು ಎತ್ತರದ ಹಕ್ಕಿಗೆ ಭಾರವೇ ಇರಲಿಲ್ಲ. ಅದರ ಕುತ್ತಿಗೆ ಅವಳ ಮೊಣಕೈಯ ಮೇಲಿಂದ ಇಳಿಬಿದ್ದಿತ್ತು. ಅವಳು ಅದನ್ನು ಎತ್ತಿ ಎತ್ತಿ ಹೆಗಲಿಗೆ ಒರಗಿಸುತ್ತಿದ್ದಳು, ಅದು ಮತ್ತೆ ಜಾರುತ್ತಿತ್ತು.

ಗುರುವಪ್ಪಣ್ಣ ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಆ ದಾರಿಯಲ್ಲಿ ಬರುತ್ತಿದ್ದರು. ಗುಂಪನ್ನು ಸರಿಸಿಕೊಂಡು ಬಂದು, ಬಗ್ಗಿ ನೋಡಿದರು. "ಉಂದು ರಾಜಹಂಸೊನಾ ಟೀಚರೇ?" ಎಂದು ತುಳುವಿನಲ್ಲಿ ಕೇಳಿದರು. ಇದಾ ರಾಜಹಂಸ, ಎಂದು. ಹೌದು ಎಂದೆ. "ನೀವು ಸಹಿ ಹಾಕಿಸಿದ್ದು ಇದಕ್ಕಾ?" ಹೌದು ಎಂದೆ. ಅವರು ಹಾಲಿನ ಪ್ಯಾಕೆಟ್ ಕೆಳಗಿಟ್ಟು ಅಲ್ಲಿಯೇ ನಿಂತರು. ಅರಣ್ಯ ಇಲಾಖೆಯ ಜೀಪು ಬರುವುದರೊಳಗೆ ಹಕ್ಕಿ ಸತ್ತಿತ್ತು. ಜೀಪಿನವರು ಅದನ್ನು ಗೋಣಿಯಲ್ಲಿ ಹಾಕಿಕೊಂಡು ಹೋದರು. ಶ್ರದ್ಧಾ ಆ ದಿನ ಕಾಲೇಜಿಗೆ ಹೋಗಲಿಲ್ಲ. ದುಪಟ್ಟಾವನ್ನು ಒಗೆಯಲೂ ಬಿಡಲಿಲ್ಲ.

ಮರುದಿನದಿಂದ ಗುರುವಪ್ಪಣ್ಣ ಆ ಮಂಡಿನೋವಿನಲ್ಲಿ ಸಹಿ ಹಾಕಿದವರ ಮನೆಮನೆಗೆ ಹೋದರು. ನೆರೂಲ್, ಜುಯಿನಗರ, ಬೇಲಾಪುರ. "ನಾವು ಹಾಕಿದ ಸಹಿಯಲ್ಲಿ ಒಂದು ಜೀವ ಹೋಗಿದೆ, ಮಾರಾಯ್ರೆ. ವಾಪಸು ತೆಗೆದುಕೊಳ್ಳಬೇಕು" ಎಂದು ಎಲ್ಲರಿಗೂ ಒಂದೇ ಮಾತು. ನಾನು ಜೊತೆಗೆ ಬರುತ್ತೇನೆ ಎಂದರೆ, "ನೀವು ಬೇಡ ಟೀಚರೇ, ನೀವು ಹೇಳಿದರೆ ಕನ್ನಡ ಜಾಸ್ತಿ ಆಗ್ತದೆ" ಎಂದರು. ಬಹುತೇಕ ಎಲ್ಲರೂ ಒಪ್ಪಿದರು. ಆ ಹೊಸ ಕಾಗದವನ್ನು ಹಿಡಿದುಕೊಂಡು ಅವರೇ ತಮ್ಮ ಕಛೇರಿಗೆ ಬಂದರು. ಕಾಯಿಸಿದ ಮೇಲೆ ಒಬ್ಬ ಸಾಹೇಬರು, "ಬಾಬಾ, ಏಕ್ ಬಾರ್ ದಿಯಾ ಹುವಾ ಸಹಿ ವಾಪಸ್ ನಹೀಂ ಹೋತಾ. ಬಸ್ ಚಾಹಿಯೇ ಥಾ ನಾ? ಮಿಲ್ ಗಯಾ, ಅಬ್ ಜಾವ್" ಎಂದರಂತೆ. ಒಮ್ಮೆ ಕೊಟ್ಟ ಸಹಿ ವಾಪಸಾಗುವುದಿಲ್ಲ, ಬಸ್ಸು ಬೇಕಿತ್ತಲ್ಲ, ಸಿಕ್ಕಿತು, ಇನ್ನು ಹೋಗಿ, ಎಂದು. ಮನೆಗೆ ಬಂದು ನನ್ನೆದುರು ಕೂತು ಅದನ್ನು ಹೇಳಿ, ಆ ಕಾಗದವನ್ನು ನನ್ನ ಕೈಗೆ ಕೊಟ್ಟರು. ಅವರು ಈಗ ಊರಿಗೆ ಹೋಗುವ ಮಾತನ್ನೇ ಎತ್ತುವುದಿಲ್ಲ. ಬಸ್ಸಿನ ಹೆಸರು ಕೇಳಿದರೆ ಎದ್ದು ಹೋಗುತ್ತಾರೆ.

ಒಂದು ಹಕ್ಕಿ ಸತ್ತರೆ ಇಷ್ಟು ರಾದ್ಧಾಂತವೇ ಎಂದು ತಾವು ಕೇಳಬಹುದು. ಒಂದೇ ಹಕ್ಕಿಯಲ್ಲ ಎಂಬುದು ತಮಗೂ ಗೊತ್ತು. ಕೊಲ್ಲಿಯ ಸುತ್ತ ಇಂಥ ಕೆರೆಗಳು ಬೆರಳೆಣಿಕೆಯಷ್ಟು ಉಳಿದಿವೆ. ಒಂದೊಂದಕ್ಕೂ ಒಂದೊಂದು ಹೊಸ ಹೆಸರು ಕೊಟ್ಟು ಮುಚ್ಚಲಾಗುತ್ತಿದೆ. ಒಂದು ಕಡೆ ಗಾಲ್ಫ್ ಮೈದಾನ, ಇನ್ನೊಂದು ಕಡೆ ಉದ್ಯಾನ, ನಮ್ಮ ಕಡೆ ಬಸ್ಸು. ಹಕ್ಕಿ ಹೋದರೆ ಸಿಗಡಿ, ಏಡಿ, ಕಾಂಡ್ಲಾ, ನರಿ ಎಲ್ಲವೂ ಅದರ ಹಿಂದೆಯೇ ಹೋಗುತ್ತವೆ, ಏಕೆಂದರೆ ಎಲ್ಲವೂ ಬದುಕಿರುವುದು ಅದೇ ಒಳಗೆ ಬಂದು ಹೊರಗೆ ಹೋಗುವ ನೀರಿನಿಂದ. ಎರಡು ಸಾವಿರದ ಐದರ ಜುಲೈ ಮಳೆಯಲ್ಲಿ ಈ ಪ್ರದೇಶವೆಲ್ಲ ಮುಳುಗಿದಾಗ ನಮ್ಮ ಸೊಸೈಟಿಯ ಮೆಟ್ಟಿಲಿನವರೆಗೆ ಮಾತ್ರ ನೀರು ಬಂದು ನಿಂತಿತು. ಉಳಿದ ನೀರನ್ನು ಕೆರೆ ಹಿಡಿದುಕೊಂಡಿತ್ತು. ನಾಳೆ ಅಂಥ ಮಳೆ ಬಂದರೆ ಆ ನೀರು ಎಲ್ಲಿಗೆ ಹೋಗಬೇಕು? ತಮ್ಮ ತಂಗುದಾಣದ ವೇಟಿಂಗ್ ರೂಮಿಗೇ? ತೇವಭೂಮಿಯನ್ನು ಪರಿಶೀಲಿಸಲೆಂದೇ ಸರಕಾರ ಒಂದು ಸಮಿತಿ ಮಾಡಿ ತಮ್ಮನ್ನು ಅದರ ತಲೆಯ ಮೇಲೆ ಕೂರಿಸಿದೆ. ತಾವು ಪರಿಶೀಲಿಸಿದ ಭೂಮಿಯೆಲ್ಲ ಒಣಗುತ್ತಿದ್ದರೆ ಆ ಸಮಿತಿಯ ಹೆಸರನ್ನಾದರೂ ಬದಲಾಯಿಸಬಾರದೇ?

ಈಗ ಫೆಬ್ರವರಿ. ಕೆರೆಯ ಪೂರ್ವದ ಅಂಚಿಗೆ ಲಾರಿಗಳು ಮಣ್ಣು ಸುರಿಯತೊಡಗಿವೆ. ಹಕ್ಕಿಗಳಿಗೆ ತೊಂದರೆಯಾಗಬಾರದೆಂಬ ದಯೆಯಿಂದ ಉಳಿದ ಭಾಗವನ್ನು ಅವು ಮೇ ತಿಂಗಳಲ್ಲಿ ಹೊರಟುಹೋದ ಮೇಲೆ ಮುಚ್ಚಲಾಗುವುದು ಎಂದು ತಮ್ಮ ಕಛೇರಿ ಹೇಳಿಕೆ ಕೊಟ್ಟಿದೆ. ಎಂಥ ಕರುಣೆ! ಮನೆಯವರು ಊರಿಗೆ ಹೋಗುವವರೆಗೆ ಕಾದು ಮನೆ ಕೆಡವುವುದು ಈ ನಾಡಿನಲ್ಲಿ ಹೊಸದಲ್ಲ. ಆದ್ದರಿಂದ ಮೇ ತಿಂಗಳಿಗೆ ಮೊದಲೇ ನಮ್ಮ ಒತ್ತಾಯವನ್ನು ಮುಂದಿಡುತ್ತಿದ್ದೇನೆ.

ತಮ್ಮ ಆದೇಶದಿಂದ ನಮ್ಮ ಸಹಿಗಳನ್ನು ತೆಗೆದುಹಾಕಿ. ಅವನ್ನು ಹಾಕಿದವರೇ ಬೇಡವೆಂದ ಮೇಲೆ ಅವು ಯಾವುದಕ್ಕೂ ಆಧಾರವಲ್ಲ. ಆ ಸಹಿಗಳನ್ನು ತೆಗೆದ ಮೇಲೆ ಆದೇಶದಲ್ಲಿ ಏನು ಉಳಿಯುತ್ತದೆಂದು ತಾವೇ ಓದಿ ನೋಡಿ. ಮಣ್ಣಿನ ಲಾರಿಗಳನ್ನು ನಿಲ್ಲಿಸಿ. ಅಳಿವೆ ಬಾಯಿಯ ಮಣ್ಣನ್ನು ಈ ತಿಂಗಳೇ ತೆಗೆಸಿ. ಅದಕ್ಕೆ ಒಂದು ಜೆಸಿಬಿಯ ಅರ್ಧ ದಿನದ ಕೆಲಸ ಸಾಕು. ನೀರು ಬಂದ ಮೇಲೆ, ಹಕ್ಕಿಗಳು ಇನ್ನೂ ಇಲ್ಲಿರುವಾಗ, ಉಬ್ಬರದ ಹೊತ್ತು ನೋಡಿಕೊಂಡು ತಾವೇ ಖುದ್ದಾಗಿ ಬಂದು ಎಣಿಸಿ. ತಜ್ಞರನ್ನು ಕಳಿಸುವುದು ಬೇಡ. ನಮ್ಮ ಅಡುಗೆಮನೆಯ ಕಿಟಕಿ ತೆರೆದುಕೊಡುತ್ತೇನೆ, ಚಹಾ ಕೊಡುತ್ತೇನೆ. ಅವುಗಳನ್ನು ರೋಹಿತ ಎಂದು ಎಣಿಸಿ, ಫ್ಲೆಮಿಂಗೋ ಎಂದು ಎಣಿಸಿ, ಯಾವ ಹೆಸರಾದರೂ ಆಗಬಹುದು, ನನ್ನದೇನೂ ತಕರಾರಿಲ್ಲ. ಅವುಗಳಿಗೆ ಕಾಲೂರಲು ನೀರಿರಲಿ.

ಈ ಪತ್ರದ ಕೆಳಗೆ ನಾನು ಸಹಿ ಹಾಕಿಲ್ಲ. ಹಾಕಿದರೆ ಮುಂದಿನ ವರ್ಷ ಅದರ ಮೇಲೆ ತಾವು ಏನು ಕಟ್ಟಿಸುತ್ತೀರೋ ಎಂಬ ಹೆದರಿಕೆ.

ಇಂತಿ,
ಬರೆದದ್ದನ್ನು ಬರೆದಂತೆಯೇ ಓದುವವರನ್ನು ಕಾಯುತ್ತಿರುವ
ಪ್ರಫುಲ್ಲಾ ಟೀಚರ್,
ಸೀವುಡ್ಸ್